ನಮ್ಮ ಹೊಂಡಕ್ಕೆ ಎಣ್ಣಿ ಬೇಡ

(ಸುವರ್ಣ ಮಹೋತ್ಸವದ ಅಂಗವಾಗಿ ಸೇರಿದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು ಎಂದು ನನಗೆ ಕಂಪ್ಯೂಟರ್ ಬಗ್ಗೆ ಮಾತಾಡಲು ಹೇಳಿದ್ದರು. ಸಂಘದವರ ಅಪ್ಪಣೆ ಪಡೆದು ವಿಷಯ ಬದಲಿಸಿದ್ದೇನೆ. ನಮ್ಮ ಶಾಲೆಯ ಹಿಂದಿನ ಹೊಂಡದ ಬಗ್ಗೆ ಮಾತಾಡುತ್ತೇನೆ. ಅದರ ವಿಚಾರ ಈ ತಿಂಗಳಲ್ಲೇ ತೀರ್ಮಾನ ಆಗಬೇಕಾಗಿದೆ. ಸಿಂಪಿ ಲಿಂಗಣ್ಣನವರ ಸೀಮೆಯಲ್ಲಿ ನಿಂತು ಉದ್ದ ಭಾಷಣ ಮಾಡುವ ಧೈರ್ಯ ನನಗಿಲ್ಲ. ಲೆಕ್ಕ ಹೇಳಿ ಕೂಡುತ್ತೇನೆ.

ಈ ಹೊಂಡ ಯಾರೂ ಕಟ್ಟಿಸಿದ್ದಲ್ಲ. ಹಳ್ಳದ ನೀರು ತಗ್ಗಿನಲ್ಲಿ ನಿಂತು ತಾನಾಗಿಯೇ ಆದದ್ದು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ ಹೀಗೆ ನಿಂತ ನೀರು ದೊಡ್ಡ ಆಸ್ತಿ. ಕಾರ ಹುಣ್ಣಿಮೆಗೆ ಎತ್ತು ಮೈ ತೊಳೆಯಲು, ಬೇಸಿಗೆಯಲ್ಲಿ ಎಮ್ಮೆ ಬೀಳಲು, ದಂಡೆಯ ಬಾವಿಗಳಲ್ಲಿ ನೀರು ಉಳಿಯಲು ಇದೇ ಆಧಾರ. ಈಗ ಅಲ್ಲಿ ನೀರು ಇದೆಯೋ ಇಲ್ಲವೋ ಎಂದು ಕಲ್ಲು ಒಗೆದು ನೋಡಬೇಕು. ಮೇಲೆಲ್ಲ ಜಲಕುಂಭಿ. ಊರಲ್ಲಿ ನಾವು ಅದಕ್ಕೂ ಅಂತರಗಂಗೆ ಎನ್ನುತ್ತೇವೆ, ಆದರೆ ನಿಜವಾದ ಅಂತರಗಂಗೆ ಬೇರೆ. ನೇರಳೆ ಹೂವಿನ, ಉಬ್ಬಿದ ದಂಟಿನ ಇದು ದಕ್ಷಿಣ ಅಮೆರಿಕದ ಗಿಡ. ಅಂಚಿಗೆ ಆಪು ನಿಂತಿದೆ. ನೀರಿನೊಳಗೆ ಹೈಡ್ರಿಲ್ಲಾ, ಅಲ್ಲಲ್ಲಿ ಹಾವಸೆ.

ಉತ್ಸವಕ್ಕೆ ಮುಂಚೆ ಹೊಂಡ ಸ್ವಚ್ಛ ಕಾಣಬೇಕೆಂಬ ಮಾತು ಬಂದಾಗ ಹಿರಿಯರೊಬ್ಬರು ನನಗೆ ಹೇಳಿದರು: "ತಮ್ಮಾ, ಎರಡು ಡಬ್ಬಿ ಎಣ್ಣಿ ಹೊಡದ್ರ ಎಂಟು ದಿನದಾಗ ಎಲ್ಲಾ ಸುಟ್ಟು ಹೋಗ್ತದ. ಇಷ್ಟು ಮಂದಿ ಯಾಕ ಬೇಕು?" ಅವರು ಹೇಳಿದ್ದರಲ್ಲಿ ಅರ್ಧ ಖರೆ. ಕಾಕಾ, ಗಿಡ ಸುಡುತ್ತದೆ. ಆದರೆ ಸುಟ್ಟ ಗಿಡ ಎಲ್ಲಿಗೆ ಹೋಗುತ್ತದೆ? ಅಲ್ಲೇ ಮುಳುಗಿ ಕೊಳೆಯುತ್ತದೆ. ಕೊಳೆಯುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ತಿಂದು ಹಾಕುತ್ತದೆ, ಮೀನು ಬಾಯಿ ತೆರೆದು ಮೇಲೆ ಬರುತ್ತವೆ. ಗಿಡ ಹೀರಿಕೊಂಡಿದ್ದ ಗೊಬ್ಬರವೆಲ್ಲ ಮತ್ತೆ ನೀರಿಗೇ ಬರುತ್ತದೆ, ಮುಂದಿನ ಬೆಳೆಗೆ ನಾವೇ ಗೊಬ್ಬರ ಹಾಕಿದ ಹಾಗೆ. ಕೊನೆಯ ಮಾತು ಎಲ್ಲಕ್ಕಿಂತ ದೊಡ್ಡದು: ಬಿಸಿಯೂಟದ ಕೋಣೆಗೆ ನೀರು ಕೊಡುವ ಬೋರ್‌ವೆಲ್ ಹೊಂಡದ ದಂಡೆಯಿಂದ ಕೂಗಳತೆಯಲ್ಲಿದೆ. ಹೊಲಕ್ಕೆ ಹೊಡೆಯುವ ಗ್ಲೈಫೋಸೇಟ್ ಬಗ್ಗೆಯೇ ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆದೇಶ ಹೊರಡಿಸಿ, ಪರವಾನಗಿ ಇರುವ ಕೀಟ ನಿಯಂತ್ರಕರ ಹೊರತು ಬೇರೆಯವರು ಬಳಸಬಾರದು ಎಂದಿತು. ಅಂಥದ್ದನ್ನು ಮಕ್ಕಳು ಅನ್ನ ಉಣ್ಣುವ ಜಾಗದ ಪಕ್ಕದ ನೀರಿಗೆ ಸುರಿಯುವ ಮಾತನ್ನು ನಾವು ಇವತ್ತೇ ಕೈಬಿಡಬೇಕು.

ಹಾಗಾದರೆ ಕೈಯಿಂದ ಕೀಳೋಣ. ಅದನ್ನೂ ಮಾಡಿ ನೋಡಿದ್ದಾರೆ. ಎರಡು ವರ್ಷದ ಹಿಂದೆ ನಮ್ಮೂರ ಹುಡುಗರು ಒಂದು ಭಾನುವಾರ ಇಡೀ ದಿನ ನೀರಿಗಿಳಿದು ಟ್ರಾಲಿಗಟ್ಟಲೆ ಕಳೆ ತೆಗೆದರು, ಫೋಟೋ ತೆಗೆಸಿಕೊಂಡರು, ಎಲ್ಲರೂ ಭೇಷ್ ಎಂದರು. ದಸರೆಗೆ ಹೊಂಡ ಮತ್ತೆ ಹಸಿರು. ಹುಡುಗರ ಶ್ರಮದಲ್ಲಿ ಕೊರತೆ ಇರಲಿಲ್ಲ. ಲೆಕ್ಕ ಅವರಿಗೆ ವಿರುದ್ಧ ಇತ್ತು.

ಆ ಲೆಕ್ಕ ಹೇಳುತ್ತೇನೆ, ನನಗೆ ಬರುವ ವಿದ್ಯೆ ಅದೊಂದೇ. ಬಿಸಿಲು ಮತ್ತು ಗೊಬ್ಬರದ ನೀರು ಎರಡೂ ಸಿಕ್ಕರೆ ಜಲಕುಂಭಿ ಸುಮಾರು ಎರಡು ವಾರಕ್ಕೆ ಇಮ್ಮಡಿ ಆಗುತ್ತದೆ. ಹೊಂಡದ ನೂರರಲ್ಲಿ ತೊಂಬತ್ತು ಪಾಲು ಕಿತ್ತೆವು, ಹತ್ತು ಪಾಲು ದಣಿದು ಬಿಟ್ಟೆವು ಎಂದುಕೊಳ್ಳಿ. ಎರಡು ವಾರಕ್ಕೆ ಇಪ್ಪತ್ತು, ನಾಲ್ಕು ವಾರಕ್ಕೆ ನಲವತ್ತು, ಆರು ವಾರಕ್ಕೆ ಎಂಬತ್ತು. ಏಳನೆಯ ವಾರ ಹೊಂಡ ತುಂಬಿತು. ಅದೇ ಹತ್ತು ಪಾಲು ಇದ್ದಾಗ ಪ್ರತಿ ಹದಿನೈದು ದಿನಕ್ಕೊಮ್ಮೆ ಬೆಳೆದಷ್ಟಕ್ಕಿಂತ ತುಸು ಹೆಚ್ಚು ತೆಗೆದರೆ ಅದು ಎಂದಿಗೂ ತುಂಬುವುದಿಲ್ಲ, ಕಡಿಮೆಯಾಗುತ್ತಲೇ ಹೋಗುತ್ತದೆ. ಮುನ್ನೂರು ಮಂದಿ ಒಂದು ದಿನ ಮಾಡುವ ಕೆಲಸಕ್ಕಿಂತ ಹತ್ತು ಮಂದಿ ಹದಿನೈದು ದಿನಕ್ಕೊಮ್ಮೆ ಎರಡು ತಾಸು ಮಾಡುವ ಕೆಲಸ ಇಲ್ಲಿ ದೊಡ್ಡದು. ಅದಕ್ಕೆ ಫೋಟೋ ಚೆನ್ನಾಗಿ ಬರುವುದಿಲ್ಲ, ಅಷ್ಟೇ. ಇನ್ನೊಂದು ಮಾತು: ಹೂ ಬಿಟ್ಟು ಕಾಳು ಕಟ್ಟಿದರೆ ಆ ಕಾಳು ಕೆಸರಿನಲ್ಲಿ 15-20 ವರ್ಷ ಜೀವ ಹಿಡಿದಿರುತ್ತದೆ. ಆದ್ದರಿಂದ ನೇರಳೆ ಹೂ ಚಂದ ಕಂಡಿತೆಂದು ಬಿಡಬಾರದು, ಮೊದಲು ಅದನ್ನೇ ಕೀಳಬೇಕು.

ಹುಡುಗರ ಕೆಲಸದಲ್ಲಿ ಇನ್ನೊಂದು ವಿಷಯ ಇತ್ತು. ಕಿತ್ತದ್ದನ್ನು ದಂಡೆಯ ಮೇಲೇ ರಾಶಿ ಹಾಕಿದ್ದರು. ಮಳೆ ಬಂತು, ಅದರ ರಸ ಹರಿದು ಹೊಂಡಕ್ಕೇ ಇಳಿಯಿತು, ಜೀವ ಇದ್ದ ತುಂಡುಗಳು ತೇಲಿ ಒಳಗೆ ಬಂದವು. ಜಲಕುಂಭಿಯಲ್ಲಿ ನೂರಕ್ಕೆ ಸುಮಾರು 95 ಪಾಲು ನೀರೇ. ಎರಡು ಮೂರು ದಿನ ಇಳಿಜಾರಿನ ಆಚೆ ಹರವಿ ಬಾಡಿಸಿದರೆ ಹೊರುವ ಭಾರ ಬಹಳ ಇಳಿಯುತ್ತದೆ. ಆಮೇಲೆ ಸಗಣಿ, ಮಣ್ಣು ಪದರ ಪದರ ಹಾಕಿ ಗುಂಡಿಯಲ್ಲಿ ಕೊಳೆಸಿದರೆ ಒಳ್ಳೆಯ ಗೊಬ್ಬರ. ನಮ್ಮ ಕಡೆ ಲಿಂಬೆ, ದಾಳಿಂಬೆ ತೋಟಗಳಿಗೆ ಏನು ಕಡಿಮೆ? ಗಿಡದ ಬುಡಕ್ಕೆ ಒಣಗಿದ ಕಳೆ ಮುಚ್ಚಿದರೆ ಬೇಸಿಗೆಯಲ್ಲಿ ತೇವ ಉಳಿಯುತ್ತದೆ. ತೋಟ ಇರುವ ಮೂರು ನಾಲ್ಕು ಮಂದಿ ಒಪ್ಪಿ ಟ್ರ್ಯಾಕ್ಟರ್ ಕಳಿಸಿದರೆ ಸಾಗಿಸುವ ಖರ್ಚು ಸಂಘದ ತಲೆ ಮೇಲೆ ಬರುವುದಿಲ್ಲ.

ಆಪಿನ ಕಥೆ ಬೇರೆ. ಅದನ್ನು ಬೇರುಸಹಿತ ಕೀಳಲು ಹೋದರೆ ಸೊಂಟ ಹೋಗುತ್ತದೆ, ಬೇರು ಮಾತ್ರ ಹೋಗುವುದಿಲ್ಲ. ಅದರ ಬೇರು ಕೆಸರಿನಲ್ಲಿ ಉಸಿರಾಡುವುದು ದಂಟಿನ ಕೊಳವೆಯ ಮೂಲಕ. ತೆನೆ ಬರುವ ಹೊತ್ತಿಗೆ ಕುಡಗೋಲಿನಿಂದ ನೀರಿನ ಮಟ್ಟಕ್ಕಿಂತ ನಾಲ್ಕು ಬೆರಳು ಕೆಳಗೆ ಕೊಯ್ದರೆ ಕೊಳವೆಯಲ್ಲಿ ನೀರು ತುಂಬಿ ಬೇರು ಉಸಿರುಗಟ್ಟುತ್ತದೆ. ಮತ್ತೆ ಚಿಗುರಿದರೆ ಮತ್ತೆ ಕೊಯ್ಯಬೇಕು. ಆದರೆ ಪೂರ್ತಿ ತೆಗೆಯಬೇಡಿ. ಚರಂಡಿ ನೀರು ಒಳಗೆ ಬರುವ ಮೂಲೆಯಲ್ಲಿ ಒಂದು ಪಟ್ಟಿ ಆಪು ಇರಲಿ, ಕೊಳೆಯನ್ನು ಅದು ತಡೆದು ಹಿಡಿಯುತ್ತದೆ. ಗೀಜುಗನ ಗೂಡು ಅಲ್ಲಿ ಈಗಲೂ ಇವೆ, ನಿನ್ನೆ ನೋಡಿ ಬಂದೆ.

ಹೈಡ್ರಿಲ್ಲಾ ನಮ್ಮ ಹಳೆಯ ಗೆಳೆಯ. ಹತ್ತನೇ ತರಗತಿಯಲ್ಲಿ ವಿಜ್ಞಾನದ ಸರ್ ಇದೇ ಹೊಂಡದಿಂದ ಅದನ್ನು ತರಿಸಿ, ಆಲಿಕೆ ಬೋರಲು ಹಾಕಿ, ಬಿಸಿಲಿಗಿಟ್ಟು ಗುಳ್ಳೆ ಏಳುವುದನ್ನು ತೋರಿಸಿದ್ದರು. ಆ ಗುಳ್ಳೆಯೇ ಮೀನಿಗೆ ಉಸಿರು, ಹಾಗಾಗಿ ಸ್ವಲ್ಪ ಇರಬೇಕು. ಮಿತಿಮೀರಿದರೆ ಪಂಜಾ ಹಾಕಿ ಎಳೆಯಬಹುದು. ನೀರು ವರ್ಷವಿಡೀ ನಿಲ್ಲುವಂತಾದರೆ ಮೀನುಗಾರಿಕೆ ಇಲಾಖೆಯವರಲ್ಲಿ ಹುಲ್ಲುಗೆಂಡೆ ಮೀನಿನ ಮರಿ ಕೇಳಬಹುದು. ಅದು ಇಂಥ ನೀರಿನೊಳಗಿನ ಹುಲ್ಲನ್ನೇ ತಿನ್ನುತ್ತದೆ, ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲವಾದ್ದರಿಂದ ಮಿತಿಮೀರುವ ಭಯ ಇಲ್ಲ. ಜಲಕುಂಭಿಯನ್ನು ತಿಂದು ಮುಗಿಸುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಜಲಕುಂಭಿ ತಿನ್ನುವ ಹುಳುಗಳು ಇವೆಯಲ್ಲ ಎಂದು ಓದಿದವರು ಕೇಳಬಹುದು. ಇವೆ. 1980ರ ದಶಕದ ಮೊದಲಲ್ಲಿ ಅಂಥ ಸೊಂಡಿಲು ಕೀಟಗಳನ್ನು ಹೊರದೇಶದಿಂದ ತರಿಸಿ, ಪರೀಕ್ಷೆ ಮಾಡಿ, ಬೆಂಗಳೂರಿನ ಕೆರೆಗಳಲ್ಲಿ ಬಿಟ್ಟರು. ಸಾಲ್ವೀನಿಯಾ ಎಂಬ ಇನ್ನೊಂದು ತೇಲುವ ಕಳೆಗೆ ಬೇರೆ ಕೀಟ ತಂದು ಅಲ್ಲಿನ ಒಂದು ತಾವರೆ ಕೊಳದಲ್ಲಿ ಬಿಟ್ಟಾಗ 11 ತಿಂಗಳಲ್ಲಿ ಕೊಳ ತಿಳಿಯಾಯಿತು. ಎರಡು ಮಿಲಿಮೀಟರ್ ಉದ್ದದ ಹುಳು, ಒಂದು ಹನಿ ವಿಷ ಇಲ್ಲ! ಜಲಕುಂಭಿಯ ಕೀಟಕ್ಕೆ ಮಾತ್ರ ವರ್ಷಗಳೇ ಬೇಕು. ಬೇಸಿಗೆಯಲ್ಲಿ ತಳ ಕಾಣುವ ನಮ್ಮಂಥ ಹೊಂಡದಲ್ಲಿ ಗಿಡದ ಜತೆ ಅದೂ ಸಾಯುತ್ತದೆ. ನಮಗೆ ಕೈಯೇ ಗತಿ.

ಇಷ್ಟೆಲ್ಲ ಕಳೆ ಬಂದದ್ದಾದರೂ ಯಾಕೆ? ನಾನು ಕೆಲಸ ಮಾಡುವ ಕಡೆ ಬೆಳ್ಳಂದೂರು ಕೆರೆ ಇದೆ. ನೊರೆಗೆ ಬೆಂಕಿ ಹತ್ತಿದ ಕೆರೆ ಎಂದು 2015ರಲ್ಲಿ ಟಿವಿಯಲ್ಲಿ ನೀವೂ ನೋಡಿದ್ದೀರಿ. 2018ರ ಜನವರಿಯಲ್ಲಿ ಅಲ್ಲಿನ ಒಣಹುಲ್ಲಿಗೆ ಬೆಂಕಿ ಬಿದ್ದು ಸೈನಿಕರು ಬಂದು ಆರಿಸಬೇಕಾಯಿತು. ಅಲ್ಲಿ ಬಿ.ಇ. ಓದಿದವರಿಗೆ ಬರ ಇಲ್ಲ. ಕೊಳಚೆ ಒಳಗೆ ಬರುವುದು ನಿಲ್ಲದೆ ಏನು ತೆಗೆದರೂ ಮತ್ತೆ ಬೆಳೆಯುತ್ತದೆ. ಮೇಲಿನಿಂದ ಊರುಗಳ ಕೊಳೆ ಹೊತ್ತು ಬರುವ ನಮ್ಮ ಭೀಮೆಯ ಮೇಲೂ ಇದೇ ಜಲಕುಂಭಿ ತೇಲುತ್ತದೆ. ಭೀಮೆಯನ್ನು ನಾವು ಹಿಡಿದು ನಿಲ್ಲಿಸಲಾರೆವು, ನಮ್ಮ ಹೊಂಡಕ್ಕೆ ಬರುವ ಎರಡು ಚರಂಡಿಗಳನ್ನು ಹಿಡಿಯಬಹುದು. ಒಂದು, ಓಣಿಯ ಬಚ್ಚಲ ನೀರು. ಉದ್ಯೋಗ ಖಾತ್ರಿಯಲ್ಲಿ ಮನೆಮನೆಗೆ ಬಚ್ಚಲು ಗುಂಡಿ ಮಾಡಿಸಿಕೊಂಡ ಹಳ್ಳಿಗಳು ರಾಜ್ಯದಲ್ಲಿ ಬಹಳ ಇವೆ. ನಮ್ಮ ಪಂಚಾಯಿತಿಯವರು ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ, ಕೇಳಿಸಿಕೊಂಡಿರಬೇಕು. ಎರಡನೆಯದು ದಂಡೆಯ ಮೇಲಿನ ತಿಪ್ಪೆಗಳು. ಮೊದಲ ಮಳೆಗೆ ಅವುಗಳ ಸಾರವೆಲ್ಲ ಇಳಿಯುವುದು ಹೊಂಡಕ್ಕೇ. ತಿಪ್ಪೆ ಸರಿಸಿ ಎಂದು ಹೇಳುವುದು ಮನೆ ಬಿಡಿ ಎಂದು ಹೇಳಿದಷ್ಟೇ ಕಷ್ಟ ಎಂದು ನನಗೂ ಗೊತ್ತು. ನಮ್ಮ ದೊಡ್ಡಪ್ಪನದೇ ಒಂದು ಅಲ್ಲಿದೆ, ಅದು ಹೋದ ವಾರ ಹೊಲಕ್ಕೆ ಹೋಯಿತು. ಇನ್ನು ಐದು ಉಳಿದಿವೆ.

ಯುಗಾದಿ ಹೊತ್ತಿಗೆ ನೀರು ಇಳಿದಾಗ ಹೂಳನ್ನೂ ತೆಗೆಯಬಹುದು, ಹೊಲಕ್ಕೆ ಒಯ್ಯುವವರು ಇದ್ದಾರೆ. ಜೆಸಿಬಿಯವನಿಗೆ ಮಾತ್ರ ಒಬ್ಬರು ಹತ್ತಿರವೇ ನಿಂತು ಹೇಳಬೇಕು: ಕೆಳಗಿನ ಎರೆಯ ಪದರ ಒಡೆದು ಗರಸು ಕಂಡರೆ ನಿಲ್ಲಿಸು ಎಂದು. ಆ ಪದರವೇ ಹೊಂಡದ ತಳ, ಅದು ಹರಿದರೆ ನೀರು ನಿಲ್ಲುವುದಿಲ್ಲ.

ಸಂಘದ ಮುಂದೆ ನನ್ನ ಬೇಡಿಕೆ ಇಷ್ಟು. ಮಹೋತ್ಸವದ ನಿಧಿಯಲ್ಲಿ ಉಳಿದ ಹಣದಲ್ಲಿ ಹಗ್ಗ, ಪಂಜಾ, ಗಾಳಿ ತುಂಬಿದ ಟ್ಯೂಬು, ಮೊಣಕಾಲ ಮಟ್ಟದ ಬೂಟು ಕೊಂಡು ಶಾಲೆಯ ಕೋಣೆಯಲ್ಲಿಡಬೇಕು. ನೀರಿಗೆ ಇಳಿಯುವವರು ದೊಡ್ಡವರು ಮಾತ್ರ, ಒಬ್ಬೊಬ್ಬರೇ ಅಲ್ಲ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು. ಕಳೆಯ ಅಡಿ ಹಾವು ಇರುತ್ತವೆ, ಕೆಸರಿನ ಆಳ ಯಾರಿಗೂ ತಿಳಿಯದು. ಮಕ್ಕಳು ದಂಡೆಯ ಮೇಲೆ ನಿಂತು ಎಷ್ಟು ಬುಟ್ಟಿ ಬಂತು ಎಂದು ವಹಿಯಲ್ಲಿ ಬರೆಯಲಿ. ಆ ವಹಿ ನೋಡಿದರೆ ನನ್ನ ಲೆಕ್ಕ ಸರಿಯೋ ತಪ್ಪೋ ಆರು ತಿಂಗಳಲ್ಲಿ ಗೊತ್ತಾಗುತ್ತದೆ.

ಮೊದಲ ಸರದಿ ಶಿವರಾತ್ರಿ ಆದ ಮೇಲಿನ ಭಾನುವಾರ, ಬೆಳಿಗ್ಗೆ ಆರೂವರೆಗೆ. ಹತ್ತು ಮಂದಿ ಬೇಕು, ಆರು ಹೆಸರು ಬಂದಿವೆ. ಕುಡಗೋಲು ತರುವವರು ಹಿಡಿಕೆಯ ಮೇಲೆ ಗುರುತು ಹಾಕಿಕೊಂಡು ಬನ್ನಿ.