ಅವರ ನಗುವನ್ನೂ ನೆನೆಯೋಣ



ನವೆಂಬರ್ 2, ಸಕಲ ಮೃತರ ಸ್ಮರಣೆಯ ದಿನ. ಸಮಾಧಿಗಳ ಮುಂದೆ ಮೊಂಬತ್ತಿ ಹಚ್ಚಿ, ಅಗಲಿದವರ ಕಷ್ಟ, ಕಾಯಿಲೆ ನೆನೆದು ಕಣ್ಣೀರಿಡುತ್ತೇವೆ. ಅವರ ನಗುವನ್ನು ನೆನೆಯುತ್ತೇವೆಯೇ?

ಹೊಂಬಳದಂಥ ನಮ್ಮ ಊರುಗಳಲ್ಲಿ ಜಾತ್ರೆಯೆಂದರೆ ನಾಟಕ. ಗರುಡ ಸದಾಶಿವರಾಯರ ಕಂಪನಿಯನ್ನು ಕಂಡ ಸೀಮೆ ನಮ್ಮ ಗದಗ. ಗಂಡಸರು ಸೀರೆಯುಟ್ಟು ಸ್ತ್ರೀಪಾತ್ರ ಮಾಡಿದಾಗ ಚಪ್ಪಾಳೆ ತಟ್ಟಿದವರು ನಾವು. ಮೈಸೂರಿನ ಆರ್. ನಾಗರತ್ನಮ್ಮನವರು ಇದನ್ನೇ ತಿರುಗುಮುರುಗು ಮಾಡಿದರು. 1958ರಲ್ಲಿ ಹೆಂಗಸರದೇ ಆದ ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಮೀಸೆ ಅಂಟಿಸಿ, ಕಿರೀಟ ಧರಿಸಿ ಕಂಸನಾದರು, ರಾವಣನಾದರು, ಭೀಮನಾದರು. ನಾಟಕದ ಹೆಣ್ಣೆಂದರೆ ಜನ ಮೂಗು ಮುರಿಯುತ್ತಿದ್ದ ಕಾಲವದು. 2012ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು.

ನಮ್ಮ ಮನೆಗಳಲ್ಲೂ ಇಂಥ ಅವ್ವ, ಅತ್ತೆ, ಚಿಗವ್ವ ಇದ್ದರಲ್ಲವೇ? ತಾನೇ ಚಕ್ಕಡಿ ಹೊಡೆದವಳು, ಮದುವೆಮನೆಯಲ್ಲಿ ಬೀಗರನ್ನು ಅಣಕಿಸಿ ಎಲ್ಲರನ್ನೂ ನಗಿಸಿದವಳು. ಬದುಕಿದ್ದಾಗ ‘ಗಂಡುಬೀರಿ’ ಎಂದು ಗದರಿದೆವು. ಸತ್ತ ಮೇಲೆ ‘ಯಾರಿಗೂ ಎದುರಾಡದ ಸಾಧ್ವಿ’ ಎಂದು ಹೊಗಳಿದೆವು. ಎರಡೂ ಸಲ ಅವಳನ್ನು ಅವಳಾಗಿ ಕಾಣಲಿಲ್ಲ.

ಒಡೆಯ ಕೊಟ್ಟ ನಾಣ್ಯವನ್ನು ಹೆದರಿ ನೆಲದಲ್ಲಿ ಹೂತಿಟ್ಟ ಆಳಿನ ಸಾಮತಿ ನಮಗೆ ಗೊತ್ತು. ಧೈರ್ಯವೂ ನಗುವೂ ದೇವರು ಕೊಟ್ಟ ನಾಣ್ಯಗಳೇ. ಆಕೆ ಅವನ್ನು ಹೂಳಲಿಲ್ಲ, ಊರಿಗೆಲ್ಲ ಹಂಚಿದಳು. ಆಕೆಯ ದೇಹದೊಂದಿಗೆ ನಾವು ಅವನ್ನು ಹೂಳದಿರೋಣ.

ಈ ಸಂಜೆ ಮೊಂಬತ್ತಿ ಹಚ್ಚಿದ ಮೇಲೆ ಮಕ್ಕಳಿಗೆ ಆಕೆಯ ಒಂದು ತಮಾಷೆಯನ್ನು ಹೇಳೋಣ. ಮನೆಯ ಹುಡುಗಿ ಜೋರಾಗಿ ನಕ್ಕರೆ ಗದರದಿರೋಣ. ಅಗಲಿದವರಿಗೆ ಅದೂ ಒಂದು ಪ್ರಾರ್ಥನೆಯೇ. ಆಮೆನ್.