ಕೋಳಿ ಸತ್ತ ದಿನವೇ ಡಾಕ್ಟರಿಗೆ ತಿಳಿಯಲಿ



ನೀಲಗುಂದದ ಈ ಜಾನುವಾರು ಮತ್ತು ಕೋಳಿ ಪ್ರದರ್ಶನವನ್ನು ಸಂತೋಷದಿಂದ ಉದ್ಘಾಟಿಸುತ್ತಾ ಒಂದು ಮಾತು ಹೇಳಬೇಕಿದೆ. 2020ರ ಮಾರ್ಚ್‌ನಲ್ಲಿ ಹಕ್ಕಿಜ್ವರ ಪಕ್ಕದ ಹರಿಹರ ತಾಲ್ಲೂಕಿನ ಬನ್ನಿಕೋಡಿಗೆ ಬಂದಿತ್ತು. 2025ರಲ್ಲಿ ಸಂಡೂರು ತಾಲ್ಲೂಕಿನ ಕುರೇಕುಪ್ಪದ ಸರ್ಕಾರಿ ಕೋಳಿ ಫಾರಂನಲ್ಲಿ ಕಾಣಿಸಿತು. ಇಂಥ ಕಡೆ ಜನರ ಕಣ್ಣಿಗೆ ಬೀಳುವುದು ಮೈತುಂಬ ರಕ್ಷಾಕವಚ ತೊಟ್ಟು ಕೋಳಿ ಹೂಳುವ ಸಿಬ್ಬಂದಿ. ಅದರಿಂದಲೇ ದನದ ಡಾಕ್ಟರು ಬಂದರೆಂದರೆ ಕೋಳಿ ಹೋದವೆಂಬ ಭಯ ಹುಟ್ಟಿದೆ. ಆದರೆ ಅವರು ಬೇಗ ಬಂದಷ್ಟೂ ಗುಂಡಿ ಚಿಕ್ಕದಾಗುತ್ತದೆ.

ಹಕ್ಕಿಜ್ವರದಲ್ಲಿ ಜುಟ್ಟು ನೀಲಿಗಟ್ಟುತ್ತದೆ, ತಲೆ ಊದುತ್ತದೆ, ಮೊಟ್ಟೆ ಕಡಿಮೆಯಾಗುತ್ತದೆ, ಕೋಳಿಗಳು ಸಾಲುಸಾಲಾಗಿ ಸಾಯುತ್ತವೆ. ಕೊಕ್ಕರೆ ರೋಗದಲ್ಲೂ ಹಾಗೇ ಸಾಯುವುದರಿಂದ ಕಣ್ಣಳತೆಯಲ್ಲಿ ಯಾವುದೆಂದು ಹೇಳಲಾಗದು. ವೈದ್ಯರು ಕೋಳಿಯ ಗಂಟಲು, ಗುದದ್ವಾರಗಳಲ್ಲಿ ಹತ್ತಿಕಡ್ಡಿ ಆಡಿಸಿ, ಆ ಮಾದರಿಯನ್ನು ಮಂಜುಗಡ್ಡೆಯಲ್ಲಿಟ್ಟು ಕಳಿಸಬೇಕು. ಭೋಪಾಲದ ಪ್ರಯೋಗಾಲಯ ಖಚಿತಪಡಿಸಬೇಕು. ಆಮೇಲೆ 1 ಕಿ.ಮೀ. ಒಳಗಿನ ಕೋಳಿಗಳನ್ನು ಕೊಂದು, 10 ಕಿ.ಮೀ.ವರೆಗೆ ನಿಗಾ ಇಡುತ್ತಾರೆ. ಅಷ್ಟರೊಳಗೆ ನಾವು ಸುಮ್ಮನಿದ್ದರೆ ಮೊಟ್ಟೆಯ ಟ್ರೇ, ಗಾಡಿಯ ಚಕ್ರ, ಕಾಲಿನ ಚಪ್ಪಲಿಗೆ ಅಂಟಿದ ಹಿಕ್ಕೆಯೇ ರೋಗವನ್ನು ಮುಂದಿನೂರಿಗೆ ಹೊತ್ತೊಯ್ಯುತ್ತದೆ.

ಚೆನ್ನಾಗಿರುವ ಜವಾರಿ ಕೋಳಿಯನ್ನೂ ಕೊಲ್ಲುವುದು ಯಾವ ನ್ಯಾಯ ಎಂದು ಕೇಳುವವರಿದ್ದಾರೆ. ಆ ಸಂಕಟ ನಿಜ. ಆದರೆ ಲಕ್ಷಣ ಕಾಣುವ ಮೊದಲೇ ಕೋಳಿ ವೈರಸ್ ಹರಡಬಲ್ಲದು. ಮನುಷ್ಯರಿಗೆ ಅಂಟುವುದು ಅಪರೂಪವಾದರೂ 2021ರಲ್ಲಿ ಹರಿಯಾಣದ ಬಾಲಕನೊಬ್ಬ ಇದೇ ಜ್ವರದಿಂದ ದೆಹಲಿಯಲ್ಲಿ ತೀರಿಕೊಂಡ. ತಿಳಿಸಿದರೆ ನಷ್ಟ ನಮಗೇ ಎಂಬುದು ಇನ್ನೊಂದು ಮಾತು. ಪರಿಹಾರ ಸಿಗುವುದು ಸರ್ಕಾರ ಕೊಲ್ಲಿಸಿದ ಕೋಳಿಗೆ, ಮುಚ್ಚಿಟ್ಟು ಸತ್ತದ್ದಕ್ಕಲ್ಲ. ಮುಚ್ಚಿಟ್ಟವರಿಗೆ ಕೋಳಿಯೂ ಇಲ್ಲ, ಕಾಸೂ ಇಲ್ಲ. ಹಾಗೆಂದು ಹೊಣೆಯನ್ನೆಲ್ಲ ರೈತರ ತಲೆಗೆ ಕಟ್ಟಲಾಗದು. ಪರಿಹಾರ ತಡವಾದರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ. ಒಬ್ಬ ವೈದ್ಯರಿಗೆ ಹತ್ತಾರು ಹಳ್ಳಿ ಹಂಚಿದರೆ ಅವರು ಹೊತ್ತಿಗೆ ಬರುವುದಾದರೂ ಹೇಗೆ? ಖಾಲಿ ಹುದ್ದೆ ತುಂಬುವುದೂ ರೋಗ ತಡೆಯುವ ಕೆಲಸವೇ.

ಚೆನ್ನಾಗಿ ಬೆಂದ ಕೋಳಿ, ಮೊಟ್ಟೆಯಲ್ಲಿ ಈ ವೈರಸ್ ಉಳಿಯದು, ಗಾಳಿಮಾತಿಗೆ ಹೆದರಬೇಡಿ. ಸತ್ತ ಕೋಳಿಯನ್ನು ಹಳ್ಳಕ್ಕೆ ಎಸೆಯಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ. ಇಲ್ಲಿಂದ ಹೊರಡುವ ಮುನ್ನ ನಿಮ್ಮೂರ ಪಶುವೈದ್ಯರ ಫೋನ್ ನಂಬರ್ ಬರೆದುಕೊಳ್ಳಿ. ಹಿತ್ತಲಲ್ಲಿ ಒಂದೇ ದಿನ ನಾಲ್ಕು ಕೋಳಿ ಸತ್ತರೆ, ಐದನೆಯದು ಸಾಯುವ ಮೊದಲು ಆ ನಂಬರಿಗೆ ಕರೆ ಹೋಗಲಿ.