ಹುಟ್ಟಿದೂರಿಗೆ ಬಂದುಹೋಗುವವರು

(ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)

ಶ್ರೀಮಠದ ಪ್ರಸಾದ ನಿಲಯದಲ್ಲಿ ಉಂಡು, ಓದಿ, ಬೆಳೆದು, ಈಗ ದೂರದೇಶಗಳಲ್ಲಿ ನೆಲಸಿರುವ ಅನೇಕರು ಈ ಮಹೋತ್ಸವದ ನಿಮಿತ್ತವಾಗಿ ಬಂದಿದ್ದಾರೆ. ನಾಳೆ ನಾಡಿದ್ದರಲ್ಲಿ ತಮ್ಮ ತಮ್ಮ ಹಳ್ಳಿಗಳಿಗೆ ಹೊರಡತಕ್ಕವರು. ಅವರನ್ನೂ, ಅವರ ದಾರಿ ನೋಡುತ್ತಿರುವ ಮನೆಯವರನ್ನೂ ಕುರಿತು ಮಾತನಾಡಬೇಕೆಂದು ಅಪ್ಪಣೆಯಾಗಿದೆ.

ಹೋದವರು ಮರಳಿ ಬಂದುಹೋಗುವುದು ನಮ್ಮ ನಾಡಿಗೆ ಹೊಸದಲ್ಲ. ಹಡಗು ವಿಮಾನಗಳ ಮಾತು ಹಾಗಿರಲಿ. ನಮ್ಮ ಮನೆಮನೆಯ ಹೆಣ್ಣುಮಕ್ಕಳು ಎಂದಿನಿಂದಲೂ ಹೀಗೆ ಬಾಳಿದವರು. ನಾಗರಪಂಚಮಿ ಸಮೀಪಿಸಿತೆಂದರೆ ಅಣ್ಣನೋ ತಮ್ಮನೋ ಕರೆಯಲು ಬರುವನೆಂದು ದಾರಿ ಕಾಯುವುದು, ಬಂದ ಮೇಲೆ ಜೋಕಾಲಿಯಾಡುವುದು, ಉಂಡೆಗಳನ್ನು ಹಂಚುವುದು, ಹೊರಡುವಾಗ ಉಡಿ ತುಂಬಿಸಿಕೊಳ್ಳುವುದು, ಇವೆಲ್ಲ ತಮಗೆ ತಿಳಿದುವೇ. ಆದರೆ ಅವಳ ಬರವು ಇಷ್ಟಕ್ಕೇ ಮುಗಿಯುವುದಿಲ್ಲ. ತಾನಿಲ್ಲದಾಗ ಸಾವಾದ ಮನೆಯನ್ನು ಹುಡುಕಿಕೊಂಡು ಹೋಗಿ, ಅಲ್ಲಿ ಕುಳಿತು, ಅತ್ತು, ಮಾತಾಡಿಸಿ ಬರುತ್ತಾಳೆ. ಹೆತ್ತವಳ ಕಣ್ಣು ಮಂದವಾಗಿರುವುದನ್ನೂ, ಅಣ್ಣನ ಮನೆಯಲ್ಲಿ ಕಾಳಿನ ಚೀಲ ಕಡಿಮೆಯಾಗಿರುವುದನ್ನೂ ಯಾರೂ ಹೇಳದೆಯೇ ಅರಿಯುತ್ತಾಳೆ. ಅತ್ತೆಯ ಮನೆಯ ಕಷ್ಟವನ್ನು ತಾನು ಬಾಯಿಬಿಟ್ಟು ಹೇಳದಿದ್ದರೂ ತಾಯಿಯು ಅವಳ ಅಂಗೈಯನ್ನು ಹಿಡಿದು ನೋಡಿ ತಿಳಿದುಕೊಳ್ಳುತ್ತಾಳೆ. ಗಂಡಸರಾದ ನಾವು ಈ ವಿದ್ಯೆಯನ್ನು ಕಲಿಯಲಿಲ್ಲ. ದೂರ ಹೋದವನೂ ಮನೆಯಲ್ಲಿ ಉಳಿದವರೂ ಪ್ರೀತಿಯಿಂದಲೇ ಒಬ್ಬರಿಂದೊಬ್ಬರು ಮರೆಮಾಚುವ ಸಂಗತಿಗಳು ಈ ಭೇಟಿಯನ್ನು ಪೊಳ್ಳು ಮಾಡುತ್ತವೆಂಬುದೇ ನಾನು ಇಂದು ಹೇಳಬೇಕೆಂದಿರುವ ಮಾತು.

ಇದಕ್ಕೆ ಮಹಾತ್ಮಾ ಗಾಂಧಿಯವರ ಬಾಳಿನಲ್ಲಿಯೇ ಒಂದು ನಿದರ್ಶನವಿದೆ. ಅವರು 1888ನೆಯ ಇಸವಿಯಲ್ಲಿ ಬ್ಯಾರಿಸ್ಟರ್ ಓದಿಗಾಗಿ ಮುಂಬಯಿಯಿಂದ ವಿಲಾಯತಿಗೆ ಹೊರಟಾಗ ತಾಯಿ ಪುತಲೀಬಾಯಿಯವರು ಮದ್ಯ, ಮಾಂಸ, ಪರಸ್ತ್ರೀ ಇವುಗಳನ್ನು ಮುಟ್ಟುವುದಿಲ್ಲವೆಂದು ಮಗನಿಂದ ಪ್ರತಿಜ್ಞೆ ಮಾಡಿಸಿ ಕಳುಹಿದ್ದರು. ಮೂರು ವರ್ಷಗಳ ಕಾಲ ಆ ಮಾತನ್ನು ನಡೆಸಿ, 1891ರ ಜೂನ್ 12ರಂದು ಇಂಗ್ಲೆಂಡನ್ನು ಬಿಟ್ಟು, ಮಳೆಗಾಲದ ಕೆರಳಿದ ಕಡಲನ್ನು ದಾಟಿ, ಜುಲೈ ತಿಂಗಳ ಮೊದಲ ವಾರದಲ್ಲಿ ಮುಂಬಯಿಗೆ ಬಂದಿಳಿದರು. ಪ್ರತಿಜ್ಞೆ ಮಾಡಿಸಿದವಳ ಮುಂದೆ ನಿಂತು, ಮಾತು ಉಳಿಸಿಕೊಂಡು ಬಂದೆನೆಂದು ಹೇಳುವುದಕ್ಕಿಂತ ಹೆಚ್ಚಿನ ಹಿಗ್ಗು ಮಗನಿಗೆ ಯಾವುದು? ಹಡಗುಕಟ್ಟೆಗೆ ಎದುರುಗೊಳ್ಳಲು ಬಂದವರು ಹಿರಿಯ ಅಣ್ಣ. ತಾಯಿ ಇರಲಿಲ್ಲ. ಮಗನು ವಿಲಾಯತಿಯಲ್ಲಿದ್ದಾಗಲೇ ಅವರು ತೀರಿಹೋಗಿದ್ದರು. ಪರದೇಶದಲ್ಲಿ ಒಬ್ಬಂಟಿಯಾಗಿರುವ ತಮ್ಮನು ಕಂಗೆಟ್ಟಾನೆಂದು ಅಣ್ಣನು ಆ ಸುದ್ದಿಯನ್ನು ತಿಳಿಸಿರಲಿಲ್ಲ. ತಂದೆಯು ತೀರಿದಾಗಿನ ದುಃಖಕ್ಕಿಂತ ಇದು ಹಿರಿದಾಗಿತ್ತೆಂದೂ, ಆದರೂ ಕಣ್ಣೀರನ್ನು ತಡೆದುಕೊಂಡು ಏನೂ ಆಗದವರಂತೆ ಬಾಳಿನಲ್ಲಿ ತೊಡಗಿದರೆಂದೂ ಅವರು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅಣ್ಣನು ಮಾಡಿದುದು ಪ್ರೀತಿಯಿಂದಲೇ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಪ್ರೀತಿಯ ಬೆಲೆಯನ್ನು ತೆತ್ತವನು ತಮ್ಮ. ತಾಯಿ ಇದ್ದಾಳೆಂದೇ ನಂಬಿ ಕಡಲಿನ ಮೇಲೆ ಅಷ್ಟು ದಿನಗಳನ್ನು ಕಳೆದ ಮಗನನ್ನು ನೆನೆದರೆ ಇಂದಿಗೂ ಎದೆ ಭಾರವಾಗುತ್ತದೆ.

ಅಷ್ಟಕ್ಕೇ ನಿಲ್ಲಲಿಲ್ಲ. ಕಡಲು ದಾಟಿದ ದೋಷಕ್ಕಾಗಿ ಅವರ ಮೋಢ ಬನಿಯಾ ಜಾತಿಯವರು ಹೋಗುವಾಗಲೇ ಬಹಿಷ್ಕಾರ ಹಾಕಿದ್ದರು. ಹಡಗಿನವರೆಗೆ ಕಳುಹಿಸಲು ಹೋದವನಿಗೂ ಒಂದು ರೂಪಾಯಿ ನಾಲ್ಕಾಣೆ ದಂಡವೆಂದು ಕಟ್ಟುಮಾಡಿದ್ದರು. ಮರಳಿದ ಮೇಲೆ ಅಣ್ಣನ ಇಚ್ಛೆಯಂತೆ ನಾಸಿಕದಲ್ಲಿ ಹೊಳೆಯ ಸ್ನಾನವಾಯಿತು, ರಾಜಕೋಟೆಯಲ್ಲಿ ಜಾತಿಯವರಿಗೆ ಊಟವಾಯಿತು. ಆದರೂ ಒಂದು ಪಂಗಡದವರು ಒಳಗೆ ಸೇರಿಸಿಕೊಳ್ಳಲಿಲ್ಲ. ಆದುದರಿಂದ ಅಕ್ಕನ ಮನೆಯಲ್ಲಿಯೂ ಮಾವನ ಮನೆಯಲ್ಲಿಯೂ ಅವರಿಗೆ ಒಂದು ಗುಟುಕು ನೀರು ಕೂಡ ಸಲ್ಲದಾಯಿತು. ಅಕ್ಕಭಾವಂದಿರು ಗುಟ್ಟಾಗಿ ಉಪಚರಿಸಲು ಸಿದ್ಧರಿದ್ದರು. ಬೆಳಕಿನಲ್ಲಿ ಮಾಡಲಾರದುದನ್ನು ಮರೆಯಲ್ಲಿ ಮಾಡಲು ಅವರು ಒಪ್ಪಲಿಲ್ಲ, ಜಗಳವನ್ನೂ ಹೂಡಲಿಲ್ಲ. ಕಟ್ಟಳೆ ಹಾಕಿದವರ ಮೇಲೆ ಸಿಟ್ಟಿಗೇಳಲೂ ಇಲ್ಲ. ಮುಂದೆ ಅದೇ ಜನರಲ್ಲಿ ಬಹುಮಂದಿ ಅವರ ಕಾರ್ಯಗಳಿಗೆ ನೆರವಾದರು. ಐದು ಸೂತಕಗಳನ್ನು ಅಲ್ಲಗಳೆದ ಶರಣರ ಹೆಸರು ಹೇಳುವ ನಮಗೆ ಇದು ಹೊರಗಿನವರ ಕಥೆಯೆಂದು ತೋರಬಹುದು. ಆದರೆ ಹೊರಗಿನವಳನ್ನು ಮದುವೆಯಾದ ಮಗನನ್ನು ಇತ್ತಲಾಗಿ ಕರೆಯದೆ, ಅವನ ಹೆಸರನ್ನು ಹಬ್ಬದ ದಿನವೂ ಎತ್ತದೆ ಇರುವ ಮನೆಗಳು ನಮ್ಮಲ್ಲಿಯೂ ಇಲ್ಲವೆ? ಹೆಚ್ಚು ಹೇಳಲೊಲ್ಲೆನು.

ಇನ್ನೊಂದು ಸಂಗತಿಯೂ ಆ ಆತ್ಮಕಥೆಯಲ್ಲಿದೆ. ವಿಲಾಯತಿಯಿಂದ ಬರುವ ತಮ್ಮನಿಗೆ ತಕ್ಕಂತಿರಬೇಕೆಂದು ಅಣ್ಣನು ಮನೆಯಲ್ಲಿ ಪಿಂಗಾಣಿಯ ಪಾತ್ರೆಗಳನ್ನೂ ಚಹಾಕಾಫಿಗಳನ್ನೂ ಮೊದಲೇ ತಂದಿರಿಸಿದ್ದನು. ತಮ್ಮನು ಬಂದು ಕೋಕೋವನ್ನೂ, ಓಟ್ಸಿನ ಗಂಜಿಯನ್ನೂ, ಪರಂಗಿ ಉಡುಪನ್ನೂ ಸೇರಿಸಿದನು. ಮನೆಯ ವೆಚ್ಚ ಏರಿತು. ಗಳಿಕೆಯು ಇನ್ನೂ ಮೊದಲಾಗಿರಲಿಲ್ಲ. ಇದನ್ನು ಓದುವಾಗ ನನಗೆ ನಮ್ಮ ಹಳ್ಳಿಗಳ ನೆನಪಾಗುತ್ತದೆ. ಪರದೇಶದಿಂದ ಮಗನು ಬರುವನೆಂದು ಸಾಲ ತಂದು ಗೋಡೆಗೆ ಬಣ್ಣ ಬಳಿಸುವವರೂ, ಬಂದವನು ಕೈತುಂಬ ಕೊಡದಿದ್ದರೆ ನೆರೆಯವರೇನೆಂದಾರೆಂದು ಅವನೂ ಸಾಲ ಮಾಡಿ ಕೊಡುಗೆಗಳನ್ನು ಹೊತ್ತು ತರುವುದೂ ಉಂಟು. ಇಬ್ಬರ ಸಾಲವೂ ಇಬ್ಬರಿಗೂ ತಿಳಿಯದು!

ಬರಿಗೈಯಲ್ಲಿ ಮರಳಿದವರ ಗತಿ ಬೇರೆ. 1834ರಿಂದ ಎಂಟು ದಶಕಗಳ ಕಾಲ ಹದಿಮೂರು ಲಕ್ಷಕ್ಕೂ ಮಿಕ್ಕ ನಮ್ಮ ದೇಶದವರು ಕರಾರಿನ ಕೂಲಿಗಳಾಗಿ ಮಾರಿಷಸ್, ಟ್ರಿನಿಡಾಡ್, ಬ್ರಿಟಿಷ್ ಗಯಾನಾ, ನೆಟಾಲ್, ಫಿಜಿ ಮೊದಲಾದ ಕಡೆಗಳ ಕಬ್ಬಿನ ತೋಟಗಳಿಗೆ ಹೋದರು. ಫಿಜಿಗೆ ಹೋದವರಿಗೆ ಹತ್ತು ವರ್ಷಗಳು ಕಳೆದ ಮೇಲೆ ಮರುಪ್ರಯಾಣದ ಹಡಗಿನ ವೆಚ್ಚ ದೊರೆಯುತ್ತಿತ್ತು. ಹಾಗೆ ಹಂಬಲಿಸಿ ಬಂದವರಲ್ಲಿ ಅನೇಕರನ್ನು ಅವರ ಹಳ್ಳಿಗಳು ಒಳಗೊಳ್ಳಲಿಲ್ಲ. ತಂದ ಹಣ ಕರಗುವವರೆಗೆ ನಂಟರು. ಕರಗಿದ ಮೇಲೆ ಜಾತಿಗೆಟ್ಟವರು. ಅಲ್ಲಿಯೇ ಹುಟ್ಟಿದ ಅವರ ಮಕ್ಕಳಿಗೆ ಇಲ್ಲಿಯ ನೀರೂ ಹಿಡಿಯಲಿಲ್ಲ, ಮಾತೂ ಹಿಡಿಯಲಿಲ್ಲ. 1920ರ ದಶಕದಲ್ಲಿ ಕಲ್ಕತ್ತೆಯ ಮಟಿಯಾಬುರ್ಜದಲ್ಲಿ ಇಂಥವರು ಗುಂಪುಗುಂಪಾಗಿ ಬಿದ್ದುಕೊಂಡು, ತಾವು ಬಿಟ್ಟುಬಂದ ದ್ವೀಪಗಳಿಗೇ ಮತ್ತೆ ಕಳುಹಿಸಿರೆಂದು ಹಡಗಿಗಾಗಿ ಕಾದರು. ದಕ್ಷಿಣ ಆಫ್ರಿಕದಿಂದ ನೆರವು ಕೊಟ್ಟು ಮರಳಿಸಿದವರ ದುರವಸ್ಥೆಯನ್ನು ಭವಾನಿ ದಯಾಳ ಸಂನ್ಯಾಸಿಯವರೂ ಬನಾರಸೀದಾಸ ಚತುರ್ವೇದಿಯವರೂ ವಿಚಾರಿಸಿ 1931ರಲ್ಲಿ ವರದಿಯನ್ನು ಪ್ರಕಟಿಸಿದರು. ಊರು ತನ್ನ ಮಗನನ್ನು ಕಾಯುತ್ತಿತ್ತೋ, ಮಗನ ಗಂಟನ್ನು ಕಾಯುತ್ತಿತ್ತೋ ಎಂಬ ಪ್ರಶ್ನೆ ಅಂದು ಎದ್ದಿತು. ಇಂದಿಗೂ ಅದು ಅಳಿದಿಲ್ಲ.

ಈಗ ವಾರಗಳ ಹಾದಿಯನ್ನು ವಿಮಾನವು ಒಂದು ದಿನದಲ್ಲಿ ಮುಗಿಸುತ್ತದೆ. ದೂರವಾಣಿಯಲ್ಲಿ ಮುಖವನ್ನೇ ನೋಡುತ್ತ ಮಾತನಾಡಬಹುದು. ಆದರೆ ಮುಖ ಕಾಣುವುದರಿಂದ ಮರೆಮಾಚುವಿಕೆ ಕಡಿಮೆಯಾಗಿಲ್ಲ. ಬಿದ್ದು ಸೊಂಟ ನೊಂದ ತಾಯಿ ಗೋಡೆಗೊರಗಿ ಕುಳಿತು ನಗುತ್ತಾಳೆ. ಕೆಲಸ ಕಳೆದುಕೊಂಡ ಮಗನು ಶುಭ್ರವಾದ ಅಂಗಿ ತೊಟ್ಟು ನಗುತ್ತಾನೆ. 2020ರ ಮಾರ್ಚಿಯಲ್ಲಿ ಸೋಂಕಿನ ನಿಮಿತ್ತ ಪರದೇಶದ ವಿಮಾನಗಳು ನಿಂತುಹೋದುವು; ಎಂದಿನ ಸಂಚಾರ ಮೊದಲಾಗಲು 2022ರ ಮಾರ್ಚಿಯವರೆಗೆ ಕಾಯಬೇಕಾಯಿತು. ನಡುವೆ ವಿಶೇಷ ವಿಮಾನಗಳಿದ್ದರೂ ಎಲ್ಲರಿಗೂ ದೊರೆಯಲಿಲ್ಲ. ಹೆತ್ತವರ ಸಮಾಧಿಗೆ ಒಂದು ಹಿಡಿ ಮಣ್ಣು ಹಾಕಲಾಗದೆ, ಅಂಗೈಯ ಗಾಜಿನಲ್ಲಿ ಅದನ್ನು ನೋಡಿ ಕೈಮುಗಿದವರು ಈ ಸಭೆಯಲ್ಲಿಯೂ ಕುಳಿತಿರಬಹುದು. ಅವರಿಗೆ ಈ ಸಲದ ಬರವು ಸಂಭ್ರಮದ ಬರವಲ್ಲ. ಅವರು ಮನೆಗೆ ಬಂದಾಗ ಮಹೋತ್ಸವದ ಸುದ್ದಿಯನ್ನು ಕೇಳುವ ಮೊದಲು, ತೀರಿದವರ ಕಡೆಯ ದಿನಗಳು ಹೇಗೆ ಕಳೆದುವೆಂಬುದನ್ನು ಮನೆಯವರು ಒಂದನ್ನೂ ಬಿಡದೆ ಹೇಳಿರಿ. ಯಾರು ನೀರು ಹಾಕಿದರು, ಏನು ಕೇಳಿದರು, ಯಾರ ಹೆಸರು ಹಿಡಿದು ಕರೆದರು, ಎಲ್ಲವನ್ನೂ ಹೇಳಿರಿ. ನೊಂದುಕೊಳ್ಳುತ್ತಾರೆಂದು ಅಂಜಬೇಡಿರಿ. ನೋಯುವುದಕ್ಕಾಗಿಯೇ ಅವರು ಅಷ್ಟು ದೂರದಿಂದ ಬಂದಿದ್ದಾರೆ.

ಬಂದವರಲ್ಲಿ ನನ್ನ ಬಿನ್ನಹ ಗೆಳೆಯರನ್ನು ಕುರಿತದ್ದು. ನಂಟರು ತಾವಾಗಿ ಬಂದು ಸೇರುತ್ತಾರೆ. ಪದವಿಯಲ್ಲಿರುವ ಗೆಳೆಯರೂ ಬಂದಾರು. ನಿಮ್ಮೊಡನೆ ಒಂದೇ ಪಂಕ್ತಿಯಲ್ಲಿ ಉಂಡು, ಓದು ಮುಂದುವರಿಯದೆ ಹೊಲಕ್ಕೋ ಮಗ್ಗಕ್ಕೋ ಮರಳಿದವನು ಮಾತ್ರ ಬರುವುದಿಲ್ಲ. ನಿಮ್ಮ ಕಾರು ಅವನ ಓಣಿಯನ್ನು ದಾಟಿಹೋಗುವುದನ್ನು ಕಟ್ಟೆಯ ಮೇಲೆ ಕುಳಿತು ನೋಡುತ್ತಾನೆ. ಅವನ ಮನೆಗೆ ನೀವೇ ನಡೆದು ಹೋಗಬೇಕು. ಹೋಗಿ ಅಲ್ಲಿಯ ದೇಶದ ವರ್ಣನೆಯನ್ನು ಮಾಡದೆ, ಬಾವಿಯಲ್ಲಿ ನೀರಿದೆಯೆ, ಎತ್ತುಗಳಿವೆಯೆ, ಮಗಳ ಮದುವೆಯಾಯಿತೆ ಎಂದು ಕೇಳಿ ಕುಳಿತುಕೊಳ್ಳಿರಿ. ಅವನು ಕೊಟ್ಟ ನೀರನ್ನು ಕುಡಿಯಿರಿ. ಸೀಸೆಯ ನೀರನ್ನು ಜತೆಗೆ ಒಯ್ದು ಅವನೆದುರಿಗೆ ಕುಡಿಯುವುದು ಆ ಹಳೆಯ ಬಹಿಷ್ಕಾರಕ್ಕಿಂತ ಎಷ್ಟು ಬೇರೆಯೋ ನಾನು ಕಾಣೆ.

ಪ್ರಸಾದ ನಿಲಯದ ಹಳೆಯ ಹಾಜರಿಪುಸ್ತಕಗಳನ್ನು ಶ್ರೀಮಠದ ಕಾರ್ಯಾಲಯದಲ್ಲಿ ಮೇಜಿನ ಮೇಲೆ ತೆರೆದಿರಿಸಿದ್ದಾರೆ. ವಿದ್ಯಾರ್ಥಿಯ ಹೆಸರು, ತಂದೆಯ ಹೆಸರು, ಊರು ಎಲ್ಲವೂ ಅವುಗಳಲ್ಲಿವೆ. ಹೊರಡುವ ಮೊದಲು ತಮ್ಮ ಕಾಲದ ಪುಟಗಳನ್ನು ತಿರುವಿ, ಒಂದೆರಡು ಊರುಗಳ ಹೆಸರನ್ನು ಬರೆದುಕೊಂಡು ಹೋಗಬೇಕೆಂದು ಬೇಡುತ್ತೇನೆ.